ಪಡಸಾಲೆಯಲ್ಲಿ ನಾಲ್ಕು ಇಯತ್ತೆ

ಅವ್ವಾ,

ನಿನ್ನ ಹಿರಿಯ ಮಗಳು ಶಾಂತಾ ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ. ಊರಿಂದ ಬಂದ ಕಾರ್ಡುಗಳನ್ನು ನಾನೇ ಓದಿ ಹೇಳುತ್ತಿದ್ದೆ. ಹಾಗಾಗಿ ಇದನ್ನೂ ನಾನೇ ಬರೆದು, ನಾನೇ ಮೆಲ್ಲಗೆ ಓದಿಕೊಳ್ಳುತ್ತೇನೆ. ದಿನಚರಿ ಬರೆಯುವ ರೂಢಿ ನನಗೆ ಹತ್ತಿದ್ದು ನೀನು ಹೋದ ವರ್ಷ. ಯಾವ ದಿನ ಯಾರಿಗೆ ಜ್ವರ ಬಂತು, ಯಾರು ಎಷ್ಟರ ಮಗ್ಗಿ ಒಪ್ಪಿಸಿದರು, ಎಲ್ಲ ಅದರಲ್ಲಿದೆ. ಒಂದು ಸಂಗತಿ ಮಾತ್ರ ಇಲ್ಲ. ಆ ದಿನದ ಪುಟದಲ್ಲಿ ‘ಇವತ್ತು ಬಾಯಿಲೆಕ್ಕ ಆಯಿತು’ ಎಂದಷ್ಟೇ ಬರೆದಿದ್ದೇನೆ. ಎಂಟು ವರ್ಷ ಆ ಪುಟ ಹಾಗೆಯೇ ಇತ್ತು. ನಾಳೆ ನಿನ್ನ ಹಿರಿಯ ಮಗ ವಸಂತ ನೌಕರಿಗೆಂದು ರಾಣೇಬೆನ್ನೂರಿಗೆ ಹೋಗುತ್ತಾನೆ. ಅವನು ಹೋಗುವುದರೊಳಗೆ ಅದನ್ನು ನಿನಗೆ ಹೇಳಿಬಿಡಬೇಕು ಅನ್ನಿಸಿತು.

ಹೆಡ್‌ಮಾಸ್ತರರು ನಮ್ಮ ಮನೆಗೆ ಬಂದದ್ದು ನಿನ್ನ ತಿಂಗಳ ಕಾರ್ಯ ಮುಗಿದ ಮರುದಿನ. ಕಟ್ಟೆಯ ಮೇಲೆಯೇ ಕುಳಿತರು, ಒಳಗೆ ಬರಲಿಲ್ಲ. ತಂಗಿ ಸರೋಜಾ ತಂದಿಟ್ಟ ನೀರಿನ ತಂಬಿಗೆಯನ್ನು ಕುಡಿಯದೆ ಬದಿಗೆ ಸರಿಸಿದರು. ನಿನ್ನ ರೋಗ ಯಾವುದೆಂದು ಓಣಿಗೆಲ್ಲ ಗೊತ್ತಿತ್ತಲ್ಲ. “ತಪ್ಪು ತಿಳೀಬ್ಯಾಡ್ರಿ,” ಎಂದು ಅಪ್ಪನಿಗೆ ಹೇಳಿದರು. “ನಂದೇನೂ ತಕರಾರಿಲ್ರಿ. ಆದ್ರ ಮಂದಿ ದಿನಾ ಬಂದು ಕೂಡಾಕತ್ತಾರ. ಕ್ಷಯ ಆದ ಮನಿ ಹುಡುಗೂರ ಬಾಜೂಕ ನಮ್ಮ ಹುಡುಗೂರನ್ನ ಕೂಡಸಬ್ಯಾಡ್ರಿ ಅಂತಾರ. ಒಂದು ವರ್ಷ ಮನ್ಯಾಗ ಇರ್ಲಿ. ಡಾಕ್ಟರ್ ಕಡೆ ಎದಿ ತೋರಸಕೋತ ಇರ್ರಿ. ಬರೂ ಜೂನ್‌ದಾಗ ನಾನ ಪರೀಕ್ಷಾ ತಗೊಂಡು ಮುಂದಿನ ಇಯತ್ತೆಗೆ ಹಾಕ್ಕೋತೇನಿ. ಅಷ್ಟು ಅಭ್ಯಾಸ ಆಗಿದ್ರ ಮಾತ್ರ.” ಒಳ್ಳೆಯ ಮನುಷ್ಯರೇ. ಹೋಗುವಾಗ ನಮ್ಮ ಸಣ್ಣ ಗುಂಡ್ಯಾನ ತಲೆ ಸವರಲು ಕೈ ಚಾಚಿದರು. ಆಮೇಲೆ ಕೈ ಹಿಂದೆ ತೆಗೆದುಕೊಂಡರು.

ಅಪ್ಪ ಆ ದಿನ ಊಟಕ್ಕೆ ಕುಳಿತಾಗ ಮಾತು ತೆಗೆದರು. ಅವರ ಮೋಜಣಿ ಕೆಲಸ ನಿನಗೆ ಗೊತ್ತೇ ಇದೆ, ಸೋಮವಾರ ಸರಪಳಿ ತೆಗೆದುಕೊಂಡು ಹೊಲ ಅಳೆಯಲು ಹಳ್ಳಿಗಳಿಗೆ ಹೋದರೆ ಶನಿವಾರ ಸಂಜೆಯೇ ಮನೆ. “ಇವರು ವರ್ಷಗಟ್ಟಲೆ ಮನ್ಯಾಗ ಕುಂತ್ರ ಕಲ್ತದ್ದೂ ಮರೀತಾರ ಶಾಂತಾ. ವಸಂತನ್ನ ಗದಗಿಗೆ ನಮ್ಮಣ್ಣನ ಮನ್ಯಾಗ ಬಿಡತೇನಿ. ಸರೋಜಾ, ಪದ್ದಿ ಇಬ್ಬರೂ ಬಾಗಲಕೋಟಿಗೆ, ನಮ್ಮಕ್ಕನ ಕಡೆ. ಅಲ್ಲೆ ಯಾರಿಗೂ ಗೊತ್ತಿಲ್ಲ, ಸಾಲಿಗೆ ತಗೋತಾರ. ಗುಂಡ್ಯಾ ಸಣ್ಣಾಂವ, ಅವ ನಿನ್ನ ಕಡೆ ಇರ್ಲಿ.” ರೊಟ್ಟಿ ಮುರಿಯುತ್ತಿದ್ದ ಮೂವರ ಕೈಗಳೂ ನಿಂತವು. ನಾನು ಎಂದೂ ಅಪ್ಪನಿಗೆ ಎದುರು ಮಾತಾಡಿದವಳಲ್ಲ. ಆ ದಿನ ಹೇಗೆ ಬಾಯಿ ಬಂತೋ.

“ನಾ ಕಲಸ್ತೇನ್ರಿ ಅಪ್ಪಾ.”

“ನಾಲ್ಕು ಇಯತ್ತೆ?”

“ಹೂನ್ರಿ.”

“ನೀ ಕಲ್ತದ್ದ ಮುಲ್ಕಿ ತನಕ, ಏಳನೇ ಇಯತ್ತೆ.”

“ಇವರು ಯಾರೂ ಅಲ್ಲಿ ತನಕಾ ಇನ್ನೂ ಮುಟ್ಟಿಲ್ಲಲ್ರಿ.”

ಅಪ್ಪ ಉಳಿದ ರೊಟ್ಟಿ ಮುಗಿಸಿದರು. ಕೈ ತೊಳೆದುಕೊಂಡು ಬಂದ ಮೇಲೆ ಹೇಳಿದರು. “ಜೂನ್‌ದಾಗ ನಾಲ್ಕೂ ಮಂದಿ ಮುಂದಿನ ಇಯತ್ತೆಗೆ ಹ್ವಾದ್ರ ಎಲ್ಲಾರೂ ಇಲ್ಲೆ ಇರ್ಲಿ. ಒಬ್ಬರು ಹಿಂದ ಉಳದ್ರೂ ನಾ ಹೇಳಿದಂಗ ಆಗಬೇಕು. ಆವಾಗ ಅಳಬಾರದು.” ಅಂದಿನಿಂದ ಜೂನ್ ಎನ್ನುವುದು ನಮ್ಮ ಮನೆಯಲ್ಲಿ ತಿಂಗಳ ಹೆಸರಾಗಿ ಉಳಿಯಲಿಲ್ಲ.

ಮೊದಲ ದಿನದ ಸಾಲೆ ಈಗಲೂ ಕಣ್ಣ ಮುಂದಿದೆ. ಪಡಸಾಲೆಯಲ್ಲಿ ಜಮಖಾನ ಹಾಸಿದೆ. ಆರನೆಯ ಇಯತ್ತೆಯ ಸರೋಜಾ, ಐದರ ವಸಂತ, ಮೂರರ ಪದ್ದಿ, ಒಂದರ ಗುಂಡ್ಯಾ, ಹೀಗೆ ಸಾಲಾಗಿ ಕುಳಿತರು. ಸರೋಜಾಳಿಗೆ ನಕಾಶೆ ತೋರಿಸುತ್ತಿದ್ದರೆ ಗುಂಡ್ಯಾ ಪಾಟಿಯ ಪೆನ್ಸಿಲ್ ತಿನ್ನುತ್ತಿದ್ದ. ಅವನ ಬಾಯಿಂದ ಪೆನ್ಸಿಲ್ ತೆಗೆಯುವಷ್ಟರಲ್ಲಿ ಪದ್ದಿ ತನ್ನದನ್ನು ಮುಗಿಸಿ, “ಅಕ್ಕಾ, ಮುಂದ?” ಎನ್ನುತ್ತಿದ್ದಳು. ಪದ್ದಿಗೆ ಮುಂದಿನದು ಹೇಳುವಷ್ಟರಲ್ಲಿ ವಸಂತ ಕಿಟಕಿಯ ಹೊರಗೆ ನೋಡುತ್ತಿದ್ದ. ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರ ಲೆಕ್ಕ ತಪ್ಪುತ್ತಿತ್ತು. ಒಲೆಯ ಮೇಲೆ ಬೇಳೆ ಸೀಯುತ್ತಿತ್ತು. ಬಾಜೂ ಮನೆಯ ಗಂಗವ್ವ ಗೋಡೆಯ ಮೇಲಿಂದ ಇಣುಕಿ, “ಏನವಾ ಶಾಂತವ್ವಾ, ನಿಮ್ಮ ಮನ್ಯಾಗ ಸಾಲಿ ನಡದೈತೋ ಸಂತಿ ನಡದೈತೋ?” ಎಂದು ಕೇಳಿದಳು. ಓಣಿಯಲ್ಲಿ ಆಗ ನಮ್ಮ ಮನೆಯ ಕಡೆ ಮುಖ ತಿರುಗಿಸಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ಅದಕ್ಕೆ ನನಗೆ ಸಿಟ್ಟು ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಹುಡುಗರ ಹುರುಪು ಇಳಿಯಿತು. ಇಳಿಯದೆ ಏನು ಮಾಡೀತು? ಸಾಲೆಯಲ್ಲಿ ಗಂಟೆ ಇರುತ್ತದೆ, ಗೆಳೆಯರು ಇರುತ್ತಾರೆ, ಮಾಸ್ತರರ ಅಂಜಿಕೆ ಇರುತ್ತದೆ. ನಮ್ಮಲ್ಲಿ ಇದ್ದದ್ದು ನಾನು, ಹಿಟ್ಟು ಮೆತ್ತಿದ ಕೈಯಲ್ಲಿ ಪುಸ್ತಕ ಹಿಡಿದವಳು. ಸರೋಜಾ ಹತ್ತು ಸಲ ನೀರು ಕುಡಿಯಲು ಏಳುತ್ತಿದ್ದಳು. ಗುಂಡ್ಯಾ ಅಕ್ಷರ ಬರೆಯುತ್ತಲೇ ನಿದ್ದೆ ಹೋಗುತ್ತಿದ್ದ. ಚುರುಮುರಿ ಬೆಲ್ಲ ಕೊಟ್ಟು ನೋಡಿದೆ. ಬಾಯಿ ಆಡುವ ತನಕ ಕಲಿತ, ಚುರುಮುರಿ ಮುಗಿದ ಕೂಡಲೇ ಅಕ್ಷರವೂ ಮುಗಿಯಿತು. ಕತೆ ಹೇಳಿದೆ. ಕತೆ ಕೇಳಿ, “ಇನ್ನೊಂದು ಹೇಳು,” ಎಂದರು, ಲೆಕ್ಕದ ಹತ್ತಿರ ಯಾರೂ ಬರಲಿಲ್ಲ. ಅಪ್ಪ ಶನಿವಾರ ಬಂದವರೇ ಕಾಲು ತೊಳೆಯುತ್ತ, “ಎಲ್ಲಿ ತನಕಾ ಬಂತು?” ಎಂದು ಕೇಳುತ್ತಿದ್ದರು. ನಾನು, “ನಡದೈತ್ರಿ,” ಎನ್ನುತ್ತಿದ್ದೆ. ನಡೆದಿರಲಿಲ್ಲ.

ಅಮ್ಮಿನಬಾವಿಯ ಅಜ್ಜನ ಮನೆಯಲ್ಲಿದ್ದು ನಾನು ಸಾಲೆ ಕಲಿತ ದಿನಗಳು ಆಗ ನೆನಪಾದವು. ಅಲ್ಲಿ ನಂಬರಿನ ಪ್ರಕಾರ ಕೂಡಿಸುತ್ತಿದ್ದರು, ನಿನಗೆ ಹೇಳಿದ್ದೆ. ಮೇಲಿನವನಿಗೆ ಬಾರದ ಉತ್ತರವನ್ನು ಕೆಳಗಿನವನು ಹೇಳಿದರೆ, ಎಡಗೈಯಿಂದ ಅವನ ಮೂಗು ಹಿಡಿದು ಬಲಗೈಯಿಂದ ಕೆನ್ನೆಗೆ ಒಂದು ಕೊಟ್ಟು, ಅವನ ಜಾಗದಲ್ಲಿ ಕೂಡುವುದು. ನಾನು ಎಷ್ಟು ಜನರಿಗೆ ಹೊಡೆದೆನೋ, ಎಷ್ಟು ತಿಂದೆನೋ. ಹಾಗೆಯೇ ನನಗೆ ಮಗ್ಗಿ ಬಂದದ್ದು ಎಂದು ನಾನು ನಂಬಿದ್ದೆ. ಒಂದು ಸೋಮವಾರ ಅಪ್ಪ ಹೋದ ಮೇಲೆ ನಾಲ್ವರನ್ನೂ ನಿಲ್ಲಿಸಿ, ಇನ್ನು ಮೇಲೆ ನಮ್ಮ ಸಾಲೆಯಲ್ಲೂ ಇದೇ ಕಾಯಿದೆ ಎಂದು ಹೇಳಿದೆ. ಗುಂಡ್ಯಾ, “ನಾನೂ ಹೊಡೀಬೇಕ?” ಎಂದು ಕುಣಿದ. ನನ್ನ ಜೊತೆ ಆ ಸಾಲೆಯಲ್ಲಿ ಕುಳಿತವರೆಲ್ಲ ಒಂದೇ ವಯಸ್ಸಿನವರು, ಸಂಜೆಗೆ ಬೇರೆ ಬೇರೆ ಮನೆಗಳಿಗೆ ಹೋಗುವವರು. ಇವರು ನಾಲ್ವರೂ ಅಕ್ಕ, ಅಣ್ಣ, ತಂಗಿ, ತಮ್ಮ; ಒಂದೇ ಬುಟ್ಟಿಯ ರೊಟ್ಟಿ ಉಣ್ಣುವವರು. ಅಷ್ಟು ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ.

ಮೊದಲ ವಾರ ಚಲೋ ನಡೆಯಿತು. ಎಲ್ಲರೂ ಬೆಳಗ್ಗೆ ತಾವೇ ಬಂದು ಕುಳಿತರು; ದಿನಾ ಮತ್ತೆ ಇಯತ್ತೆಯ ಸಾಲಿನಿಂದಲೇ ಶುರು. ಪದ್ದಿಯಂತೂ ಅಣ್ಣ ಅಕ್ಕನ ಪಾಠಗಳನ್ನೂ ಕಿವಿಯಲ್ಲಿ ಹಾಕಿಕೊಂಡು ಮೇಲೇರುತ್ತ ಬಂದಳು. ಎಂಟು ವರ್ಷದ ಹುಡುಗಿ ಸರೋಜಾಳನ್ನು ದಾಟಿ ಕುಳಿತಾಗ ನಾನು ನಕ್ಕೆ. ಸರೋಜಾಳೂ ನಕ್ಕಳು. ಪದ್ದಿಯ ಹೊಡೆತ ಆಗ ಧೂಳು ಒರೆಸಿದಂತೆ ಇರುತ್ತಿತ್ತು, ಅದಕ್ಕೆ. ವಸಂತ ಮಾತ್ರ ದಿನವೂ ಕೆಳಗೆ ಸರಿಯುತ್ತಿದ್ದ. ಅವನಿಗೆ ಬರುವುದಿಲ್ಲ ಎಂದಲ್ಲ. ಏನು ಕೇಳಿದರೂ ತಲೆ ಎತ್ತಿ ಜಂತಿ ನೋಡುತ್ತಿದ್ದ, ತುಟಿ ಅಲ್ಲಾಡುತ್ತಿತ್ತು, ಆಮೇಲೆ ಹೇಳುತ್ತಿದ್ದ. ಹೇಳಿದರೆ ತಪ್ಪುತ್ತಿರಲಿಲ್ಲ. ಆದರೆ ನಾನು ಐದು ಬೆರಳು ಮಡಚುವುದರೊಳಗೆ ಉತ್ತರ ಬರಬೇಕಿತ್ತು. ಅದೂ ಅಮ್ಮಿನಬಾವಿಯ ಕಾಯಿದೆಯೇ.

ಆ ದಿನ ಶುಕ್ರವಾರ. ಮರುದಿನ ಅಪ್ಪ ಬರುವವರಿದ್ದರು. ಹಿಟ್ಟು ನಾದಿ ಇಟ್ಟದ್ದು ಒಣಗುತ್ತಿತ್ತು. “ಹದಿನೇಳಾರ್ಲೆ?” ಎಂದು ವಸಂತನಿಗೆ ಕೇಳಿದೆ. ಅವನು ಜಂತಿ ನೋಡಿದ. ನಾಲ್ಕು ಬೆರಳು ಮಡಚಿದೆ. ಅವನ ಬಾಯಿ ತೆರೆದಿತ್ತು, ಉತ್ತರ ನಾಲಿಗೆಯ ಮೇಲೇ ಇತ್ತು, ನಾನು ನೋಡಿದೆ. ಆದರೂ ಐದನೆಯ ಬೆರಳು ಮಡಚಿ ಪದ್ದಿಯ ಕಡೆ ತಿರುಗಿದೆ. “ನೂರಾ ಎರಡು,” ಎಂದಳು. ಎದ್ದು ಹೋಗಿ ಅಣ್ಣನ ಮೂಗು ಮುಟ್ಟಿ, ಕೆನ್ನೆ ಸವರಿದಳು. ಆಗ ನಾನು, “ಅದೇನ ಹೊಡ್ತ ಅದು? ಬರೋಬ್ಬರಿ ಹೊಡಿ. ಇಲ್ಲಂದ್ರ ನಿನಗ ನಾ ಹೊಡೀತೇನಿ,” ಎಂದೆ. ಅವಳು ನನ್ನ ಮುಖ ನೋಡಿದಳು. ಅವನ ಮುಖ ನೋಡಿದಳು. ಕಣ್ಣು ಮುಚ್ಚಿಕೊಂಡು ಹೊಡೆದಳು. ಕಣ್ಣು ಮುಚ್ಚಿದ್ದರಿಂದ ಏಟು ಕೆನ್ನೆಗೆ ಬೀಳದೆ ಕಿವಿಗೆ ಬಿತ್ತು.

ವಸಂತ ಅಳಲಿಲ್ಲ. ತಾನೇ ಎದ್ದು, ಪಾಟಿ ತೆಗೆದುಕೊಂಡು ಎಲ್ಲರ ಕೆಳಗೆ, ಗುಂಡ್ಯಾನಿಗಿಂತ ಕೆಳಗೆ, ಜಮಖಾನದ ಹೊರಗೆ ಬರೀ ನೆಲದ ಮೇಲೆ ಕುಳಿತ. ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಅವ್ವಾ, ನೀನು ನಮ್ಮ ಮೇಲೆ ಕೈ ಎತ್ತಿದ್ದು ನನಗೆ ನೆನಪಿಲ್ಲ. ನಾನೂ ಎತ್ತಲಿಲ್ಲ. ಎಂಟು ವರ್ಷದವಳ ಕೈಯನ್ನು ಎತ್ತಿಸಿದೆ. ದಣಿದಿದ್ದೆ, ಅಪ್ಪ ಬರುವವರಿದ್ದರು, ಜೂನ್ ಹತ್ತಿರ ಬರುತ್ತಿತ್ತು. ಇವೆಲ್ಲ ಕಾರಣಗಳೇ, ಆದರೆ…

ಮರುದಿನದಿಂದ ವಸಂತ ತಪ್ಪದೆ ಬಂದು ಕೂಡುತ್ತಿದ್ದ. ಏನು ಕೇಳಿದರೂ ಒಂದೇ ಮಾತು, “ಬರೂದಿಲ್ಲ.”

“ಎರಡೆರಡ್ಲೆ?”

“ಬರೂದಿಲ್ಲ.”

“ನಿನ್ನ ಹೆಸರರ ಬರತೈತೇನು?” ಎಂದು ಸರೋಜಾ ಕಾಡಿಸಿದಳು.

“ಬರೂದಿಲ್ಲ.”

ನಕ್ಕದ್ದು ಗುಂಡ್ಯಾ ಒಬ್ಬನೇ. ಬೈದು ನೋಡಿದೆ. ಗದಗಿಗೆ ಕಳಿಸುತ್ತಾರೆ ನೋಡು ಎಂದು ಹೆದರಿಸಿದೆ. “ಕಳಸ್ಲಿ,” ಎಂದ. ಆಮೇಲೆ ಸರೋಜಾಳೂ ಸಡಿಲಾದಳು. “ಅವ ಹಂಗ ಕುಂತ್ರ ನಡೀತೈತಿ, ನನಗೊಬ್ಬಾಕಿಗ್ಯಾಕ?” ಎಂದಳು. ಅದಕ್ಕಿಂತ ಹೆಚ್ಚು ನನ್ನ ದಿಕ್ಕು ತಪ್ಪಿಸಿದ್ದು ಪದ್ದಿ. ಬೆಂಕಿಯಂತೆ ಇದ್ದ ಹುಡುಗಿ ಏಳೆಂಟ್ಲೆ ಐವತ್ನಾಲ್ಕು ಎನ್ನತೊಡಗಿದಳು. ಅದೂ ಕಾಲಿನ ಬೆರಳು ನೋಡುತ್ತ. ಮೂವರೂ ಒಂದೇ ತಿಂಗಳಲ್ಲಿ ದಡ್ಡರಾದರು. ಜ್ವರವೇನಾದರೂ ಇದೆಯೋ ಎಂದು ನಾನು ಎಲ್ಲರ ಹಣೆ ಮುಟ್ಟಿ ನೋಡಿದೆ. ನಿನಗೂ ಮೊದಮೊದಲು ಹಾಗೇ ಅಲ್ಲವೇ ಆದದ್ದು, ಬರೀ ಸುಸ್ತು… ಆ ಅಂಜಿಕೆಯಲ್ಲಿ ಎರಡು ದಿನ ಕಳೆದೆ.

ಹೇಳಿದವನು ಗುಂಡ್ಯಾ. ಉಣ್ಣುತ್ತ ಕುಳಿತಿದ್ದ, ಬಾಯಲ್ಲಿ ರೊಟ್ಟಿ ಇತ್ತು. ಬೇರೆ ಯಾರೂ ಇರಲಿಲ್ಲ. “ಪದ್ದಿಗೆ ಎಲ್ಲಾ ಬರತೈತಿ,” ಎಂದ. “ಹಿತ್ತಲದಾಗ ನನಗ ಹೇಳಿ ತೋರಸ್ತಾಳ. ಖರೇ ಹೇಳಿದ್ರ ಅಣ್ಣಗ ಹೊಡೀಬೇಕಾಕೈತೆಲ್ಲ, ಅದಕ್ಕ ಖೊಟ್ಟಿ ಹೇಳತಾಳ.” ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡು, “ನಿನಗ ಗೊತ್ತಿಲ್ಲೇನು?” ಎಂದು ಕೇಳಿದ. ಆರು ವರ್ಷದವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಕಲಿಸುವವಳು ನಾನು.

ಮಾರನೆಯ ಬೆಳಗ್ಗೆ ಹೊಡೆಯುವ ಕಾಯಿದೆ ಇನ್ನು ಇಲ್ಲ ಎಂದು ಹೇಳಿದೆ. ಪದ್ದಿ, “ನಂಬರನೂ ಇಲ್ಲೇನಕ್ಕಾ?” ಎಂದಳು. “ಅದೂ ಇಲ್ಲ,” ಎಂದೆ. ಅಷ್ಟರಿಂದ ವಸಂತನ ಬಾಯಿ ತೆರೆಯುತ್ತದೆ ಎಂದುಕೊಂಡಿದ್ದೆ. ತೆರೆಯಲಿಲ್ಲ. ತಪ್ಪಾಯಿತು ಎಂದು ಅವನಿಗೆ ಹೇಳಬೇಕಿತ್ತೇ? ನಮ್ಮಲ್ಲಿ ಹಿರಿಯರು ಕಿರಿಯರಿಗೆ ಹಾಗೆ ಹೇಳುವುದನ್ನು ನಾನು ನೋಡಿರಲಿಲ್ಲ. ಹೇಳುವ ಬಗೆ ಗೊತ್ತಾಗಲಿಲ್ಲ. ಆ ರಾತ್ರಿ ಅವನ ತಟ್ಟೆಗೆ ಬೆಣ್ಣೆ ಹೆಚ್ಚು ಹಾಕಿದೆ. ಅವನು ಅದರಲ್ಲಿ ಅರ್ಧ ತೆಗೆದು ಪದ್ದಿಯ ತಟ್ಟೆಗೆ ಹಾಕಿದ.

ಒಂದು ರವಿವಾರ ಅಪ್ಪ ಮನೆಯಲ್ಲಿ ನಕಾಶೆಗೆ ಶಾಯಿ ಹಾಕುತ್ತ ಕುಳಿತಿದ್ದರು. ಹೊಲದಲ್ಲಿ ಬರೆದುಕೊಂಡ ಅಂಕಿಗಳನ್ನು ಓದಿ ಹೇಳಲು ವಸಂತನನ್ನು ಕೂಡಿಸಿಕೊಂಡರು. ನಮ್ಮ ಸಾಲೆಯ ಗಲಾಟೆ ಅಪ್ಪನಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ವಸಂತ ಒಂದು ಅಂಕಿ ಓದುತ್ತಿದ್ದ, ಅಪ್ಪ ಗೆರೆ ಎಳೆಯುತ್ತಿದ್ದರು, ಶಾಯಿ ಆರುವ ತನಕ ಇಬ್ಬರೂ ಸುಮ್ಮನಿರುತ್ತಿದ್ದರು. ನಾನು ಬಾಗಿಲಲ್ಲಿ ಕಾಳು ಆರಿಸುತ್ತಿದ್ದೆ. ಬಹಳ ಹೊತ್ತಿನ ಮೇಲೆ ವಸಂತ ಮೆಲ್ಲಗೆ, “ಅಪ್ಪಾ, ಇದು ಕೂಡೂದಿಲ್ರಿ,” ಎಂದ. “ಯಾವುದು?” “ಈ ಬದುವಿನ ಅಳತಿ. ತುಂಡು ತುಂಡು ಬರದದ್ದು ಕೂಡಿಸಿದ್ರ ಒಟ್ಟಿಗಿಂತ ಹನ್ನೊಂದು ಕಡಿಮಿ ಬರತೈತಿ.” ಅಪ್ಪ ಕೂಡಿಸಿ ನೋಡಿದರು. ಹನ್ನೊಂದು ಕಡಿಮೆ ಇತ್ತು. “ಖರೇ ಐತಿ. ಸೋಮವಾರ ಮತ್ತ ಅಳೀಬೇಕು,” ಎಂದು ಪೆನ್ಸಿಲ್ಲಿನಿಂದ ಗುರುತು ಮಾಡಿಕೊಂಡರು, ಅಷ್ಟೇ. ಹೊಗಳಲಿಲ್ಲ, ಬೈಯಲಿಲ್ಲ. ಯಾರೂ ಕೇಳದ ಲೆಕ್ಕವನ್ನು ಅವನು ಮಾಡಿದ್ದ. ಯಾರೂ ಬೆರಳು ಮಡಚಿರಲಿಲ್ಲ.

ಸೋಮವಾರ ಬೆಳಗ್ಗೆ ರೊಟ್ಟಿ ಕೊಡುವಾಗ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೊಟ್ಟೆ. ಉತ್ತರವನ್ನು ದೀಪ ಹಚ್ಚುವ ಹೊತ್ತಿಗೆ ಹೇಳಿದರೆ ಸಾಕು ಎಂದೆ. ಅಲ್ಲಿಯ ತನಕ ಯಾರು ಯಾರನ್ನಾದರೂ ಕೇಳಬಹುದು, ಎಷ್ಟು ಸಲವಾದರೂ ಅಳಿಸಿ ಬರೆಯಬಹುದು. ಹಗಲು ಓದು, ಶುದ್ಧಲೇಖನ ಎಲ್ಲ ಎಂದಿನಂತೆ ನಡೆಯುತ್ತಿತ್ತು. ಪ್ರಶ್ನೆ ಮಾತ್ರ ಅವರ ಜೊತೆ ಅಡ್ಡಾಡುತ್ತಿತ್ತು. ಸರೋಜಾ ನೀರು ಸೇದುತ್ತ ನದಿಗಳ ಹೆಸರು ಹೇಳಿಕೊಳ್ಳುತ್ತಿದ್ದಳು. ಗುಂಡ್ಯಾನಿಗೆ, “ನಮ್ಮ ಮನಿಗೆ ಬಾಗಲಾ ಎಷ್ಟು?” ಎಂದು ಕೇಳಿದ್ದೆ. ಸಂಜೆ ಬಂದು, “ಒಂಬತ್ತು,” ಎಂದ. ನಮ್ಮ ಮನೆಗೆ ಇರುವುದು ನಾಲ್ಕೇ. ಇಲಿಯ ಬಾಗಿಲು ಐದಿವೆ ಎಂದು ಒಂದೊಂದಾಗಿ ಕರೆದುಕೊಂಡು ಹೋಗಿ ತೋರಿಸಿದ. ನೀನು ಹೋದ ಮೇಲೆ ಐವರೂ ಕೂಡಿ ನಕ್ಕದ್ದು ಅದೇ ಮೊದಲು. ವಸಂತನೂ ನಕ್ಕ. ಆಮೇಲೆ ದೀಪದ ಹತ್ತಿರ ಬಂದು ನಿಂತು, ನಾನು ಕೇಳದಿದ್ದರೂ, ತನ್ನ ಪ್ರಶ್ನೆಗೆ ಉತ್ತರ ಹೇಳಿದ.

ಚೈತ್ರದ ಬಿಸಿಲಿನ ಹೊತ್ತಿಗೆ ಮನೆಯಲ್ಲಿ ಹೊಸ ತಕರಾರು ಶುರುವಾಗಿತ್ತು. ನಿನ್ನೆಯ ಪ್ರಶ್ನೆ ಹಗುರಾಗಿತ್ತು, ಇವತ್ತು ದೊಡ್ಡದು ಕೊಡು ಎಂದು ಜಗಳ. ಪದ್ದಿ ತನ್ನದನ್ನು ಸೂರ್ಯ ನೆತ್ತಿಗೆ ಬರುವುದರೊಳಗೆ ಮುಗಿಸಿ ಅಣ್ಣನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದಳು. “ಹೇಳಲೇನಣ್ಣಾ?” “ಬ್ಯಾಡ. ನಡಿ ಆ ಕಡೆ.” ಒಂದು ದಿನ ಗಂಗವ್ವ ಗೋಡೆಯ ಮೇಲಿಂದ, “ಏನವಾ, ಈಗೀಗ ಸಂತಿ ಗದ್ದಲನ ಕೇಳೂದಿಲ್ಲಲ್ಲ. ಸಾಲಿ ಮುಚ್ಚಿದ್ಯೋ ಹೆಂಗ?” ಎಂದಳು. ಮುಚ್ಚಿರಲಿಲ್ಲ. ನಾಲ್ಕು ಇಯತ್ತೆಗಳೂ ನಾಲ್ಕು ಮೂಲೆಗಳಲ್ಲಿ ನಡೆದಿದ್ದವು. ನಾನು ಮಧ್ಯಾಹ್ನ ಅರ್ಧ ಗಳಿಗೆ ಮಲಗುವಷ್ಟು ಬಿಡುವು ಸಿಕ್ಕಿತ್ತು.

ಜೂನ್‌ನಲ್ಲಿ ಪರೀಕ್ಷೆಗೆ ನಡೆಯುತ್ತ ಹೋಗುವಾಗ, ಸಾಲೆಯ ಬಾಗಿಲಿಗೆ ಬಂದ ಮೇಲೆ, ನನಗೆ ಒಂದು ಸಂಗತಿ ಹೊಳೆಯಿತು. ಹೆಡ್‌ಮಾಸ್ತರರು ಬೆಳಗ್ಗೆ ಕೇಳಿ ಸಂಜೆಯ ತನಕ ಕಾಯುವವರೇ? ಅವರ ಮುಂದೆ ಕಾಗದ ಇತ್ತು, ಹೊರಗೆ ಬೇರೆ ತಂದೆ-ತಾಯಿ ನಿಂತಿದ್ದರು. ಗುಂಡ್ಯಾ ಎರಡನೆಯ ಇಯತ್ತೆಗೆ ಆದ. ಪದ್ದಿಗೆ ಮೂರು ಪ್ರಶ್ನೆ ಕೇಳಿ, ನಾಲ್ಕನೆಯದನ್ನು ಕೇಳದೆ ಹೆಸರು ಬರೆದುಕೊಂಡರು. ಸರೋಜಾಳ ಓದು ಕೇಳಿ ಏಳಕ್ಕೆ ಹಾಕಿದರು. ಆಮೇಲೆ ವಸಂತ.

“ಎಂಟು ಆಳು ಹದಿನೈದು ದಿವಸದಾಗ ಮಾಡೂ ಕೆಲಸಾನ ಹತ್ತು ಆಳು ಎಷ್ಟು ದಿವಸದಾಗ ಮಾಡತಾರ?”

ವಸಂತ ತಲೆ ಎತ್ತಿ ಹಂಚು ನೋಡಿದ. ಅವರು ಕಾಯ್ದರು. ಲೆಕ್ಕಣಿಕೆಯ ಹಿಂದಿನ ತುದಿಯಿಂದ ಮೇಜು ಕುಟ್ಟಿದರು. “ಬರೂದಿಲ್ಲೇನು?” ಎಂದರು. ಅವನ ಮುಖದಲ್ಲಿ ಆ ಹಳೆಯ ಮಾತು ಬಂದು ನಿಂತದ್ದು ನನಗೆ ಕಂಡಿತು. ಮಾಸ್ತರರು ಲೆಕ್ಕಣಿಕೆ ತಿರುಗಿಸಿ ಶಾಯಿಯಲ್ಲಿ ಅದ್ದಿದರು. ಐದನೆಯ ಇಯತ್ತೆಯ ಪಟ್ಟಿ ಹತ್ತಿರ ಎಳೆದುಕೊಂಡರು. ಐದರಲ್ಲಿ ಹೆಸರು ಬಿದ್ದರೆ ಗದಗು. ಬರೀ ಅವನಲ್ಲ, ಮೂವರೂ ಹೋಗುವವರು.

“ಮಾಸ್ತರ್ರ, ಒಂದೀಟು ತಡೀರಿ,” ಎಂದೆ. ನನ್ನ ದನಿಯೇ ಎಂದು ನನಗೆ ಗೊತ್ತಾಗಲಿಲ್ಲ. “ಅವಗ ಬರತೈತ್ರಿ. ಅವ ತಡಾ ಮಾಡಿ ಹೇಳತಾನ.”

“ಎಷ್ಟೊತ್ತು ತಡೀಲಿ ತಂಗಿ? ಹೊರಗ ಮಂದಿ ನಿಂತಾರ.”

“ಅವ ಹೇಳೂ ತನಕಾ ತಡೀರಿ.”

ಅವರು ಲೆಕ್ಕಣಿಕೆಯನ್ನು ಕೆಳಗಿಟ್ಟರು. ಸಿಟ್ಟಿನಿಂದ ಇಟ್ಟರೋ ಸುಮ್ಮನೆ ಇಟ್ಟರೋ ಗೊತ್ತಿಲ್ಲ. ನಾನು ವಸಂತನ ಕಡೆ ನೋಡಲಿಲ್ಲ, ನೆಲ ನೋಡುತ್ತ ನಿಂತೆ. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ, ಬೆರಳು ಅವನಿಗೆ ಕಾಣಬಾರದೆಂದು. ಎಷ್ಟು ಹೊತ್ತಾಯಿತೋ. “ಹನ್ನೆರಡು ದಿವಸರಿ,” ಎಂದ. ಮತ್ತೆ ಸ್ವಲ್ಪ ತಡೆದು, “ಹತ್ತೂ ಮಂದಿ ದಿನಾ ಬಂದ್ರ,” ಎಂದು ಸೇರಿಸಿದ. ಮಾಸ್ತರರು ಅವನನ್ನೇ ನೋಡಿದರು. “ಅದು ಖರೇ ಬಿಡಪಾ. ಬರೂದ ಇಲ್ಲ ಆಳು ಮಕ್ಕಳು. ಹ್ವಾದ ವರ್ಷ ಈ ಸಾಲಿ ಗ್ವಾಡಿ ಕಟ್ಟಿಸಿ ನೋಡೇನಿ,” ಎಂದು ಆರನೆಯ ಇಯತ್ತೆಯ ಪಟ್ಟಿ ತೆಗೆದುಕೊಂಡರು.

ಶನಿವಾರ ಅಪ್ಪ ಬಂದಾಗ ನಾಲ್ವರೂ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಕಾಯುತ್ತಿದ್ದರು. ಗುಂಡ್ಯಾ ದೂರದಿಂದಲೇ ಎಲ್ಲರ ಇಯತ್ತೆಗಳನ್ನು ಕೂಗಿ ಹೇಳಿದ. ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದರು. ಆ ದಿನ ಒಂದು ರೊಟ್ಟಿ ಹೆಚ್ಚು ಉಂಡರು. ಆಮೇಲೆ, “ಶಾಂತಾ, ಗದಗಿಗೊಂದು, ಬಾಗಲಕೋಟಿಗೊಂದು ಕಾರ್ಡ್ ಬರಿ. ಹುಡುಗೂರು ಬರೂದಿಲ್ಲಂತ,” ಎಂದರು. ನಾನು ಬರೆದೆ. ಅಕ್ಷರ ದುಂಡಗೆ ಬರಲಿಲ್ಲ. ಅಪ್ಪ ಅದನ್ನು ನೋಡಿಯೂ ಹಾಗೆಯೇ ಅಂಚೆಗೆ ಹಾಕಿದರು.

ಉಳಿದ ಸುದ್ದಿಯನ್ನೂ ಹೇಳುತ್ತೇನೆ. ಸರೋಜಾಳ ಮದುವೆಯಾಗಿ ಮೂರು ವರ್ಷವಾಯಿತು, ಹುಬ್ಬಳ್ಳಿಯಲ್ಲಿದ್ದಾಳೆ, ಒಂದು ಹೆಣ್ಣು ಕೂಸು. ಪದ್ದಿ ಬರುವ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿಗೆ ಕೂಡುತ್ತಾಳೆ. ಅವಳ ಮುಂದೆ ಈಗ ನನ್ನ ಲೆಕ್ಕ ನಡೆಯುವುದಿಲ್ಲ. ಗುಂಡ್ಯಾ ನನಗಿಂತ ಒಂದು ಗೇಣು ಎತ್ತರ ಆಗಿದ್ದಾನೆ. ಡಾಕ್ಟರರು ಐದು ವರ್ಷ ತಪ್ಪದೆ ಎಲ್ಲರ ಎದೆ ನೋಡಿ ಏನೂ ಇಲ್ಲ ಎಂದಿದ್ದಾರೆ. ಅಪ್ಪನಿಗೆ ಪಿಂಚಣಿ ಆಯಿತು. ನನ್ನ ಮದುವೆಯ ಮಾತು ಬಂದಾಗಲೆಲ್ಲ ಅವರು ಎದ್ದು ಹಿತ್ತಲಿಗೆ ಹೋಗುತ್ತಾರೆ. ನನಗೆ ಅದರ ಬಗ್ಗೆ ಹೆಚ್ಚು ದುಃಖವಿಲ್ಲ. ಓಣಿಯ ಏಳೆಂಟು ಹುಡುಗರು ಸಂಜೆ ನನ್ನ ಹತ್ತಿರ ಕಲಿಯಲು ಬರುತ್ತಾರೆ. ಅವರ ತಂದೆ-ತಾಯಿಗಳಲ್ಲಿ ಒಬ್ಬರು ಆಗ ಹೆಡ್‌ಮಾಸ್ತರರ ಹತ್ತಿರ ಹೋಗಿ ಕುಳಿತವರು. ನಾನು ಏನೂ ಕೇಳಿಲ್ಲ.

ವಸಂತ ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದ. ಮೊದಲ ಸಲ ಬರೆದದ್ದೆಲ್ಲ ಸರಿ ಇತ್ತಂತೆ, ಅರ್ಧ ಕಾಗದ ಮುಗಿಯುವಷ್ಟರಲ್ಲಿ ಗಂಟೆ ಬಾರಿಸಿದರಂತೆ. ಈಗ ಅವನಿಗೆ ಅಪ್ಪನ ಖಾತೆಯಲ್ಲಿಯೇ ಕೆಲಸ ಸಿಕ್ಕಿದೆ. ಅಲ್ಲಿ ಅವಸರ ಮಾಡುವವರು ಕಡಿಮೆ. ಇನ್ನೂ ಹಾಗೆಯೇ ಇದ್ದಾನೆ, ಇನ್ನೊಂದು ರೊಟ್ಟಿ ಹಾಕಲೇನು ಎಂದು ಕೇಳಿದರೆ ಅವನು ವಿಚಾರ ಮಾಡಿ ಹೂಂ ಎನ್ನುವುದರೊಳಗೆ ರೊಟ್ಟಿ ಆರಿರುತ್ತದೆ. ಪದ್ದಿ ಕಾಡಿಸುತ್ತಾಳೆ, “ಅಣ್ಣಾ, ನಿನ್ನ ಲಗ್ನದಾಗ ಹೆಣ್ಣು ಒಪ್ಪಿಗಿ ಐತೋ ಇಲ್ಲೋ ಅಂತ ಕೇಳಿದ್ರ, ನೀ ಹೂಂ ಅನ್ನೂದರಾಗ ಮಂದಿ ಉಂಡು ಮನಿಗೆ ಹೋಗಿರತಾರ.” ಅದಕ್ಕೂ ಅವನು ಸ್ವಲ್ಪ ಹೊತ್ತಾದ ಮೇಲೆ ನಗುತ್ತಾನೆ.

ಇವತ್ತು ಸಂಜೆ ಅವನು ಟ್ರಂಕಿನಲ್ಲಿ ಬಟ್ಟೆ ಇಡುತ್ತಿದ್ದ. ನಾನು ಮಡಿಚಿ ಕೊಡುತ್ತಿದ್ದೆ. ಎಂಟು ವರ್ಷದಿಂದ ಬಾಯಿಗೆ ಬಂದು ಹೋಗುತ್ತಿದ್ದ ಮಾತು, ಇವತ್ತು ಹೇಗೋ ಹೊರಗೆ ಬಿತ್ತು. “ವಸಂತಾ, ಅವತ್ತ ಒಂದಿನ ನಾ ಪದ್ದಿ ಕಡಿಂದ ನಿನಗ ಜೋರ ಹೊಡಿಸಿದ್ನೆಲ್ಲ, ಅದು ನಿನಗ…”

“ನೆನಪಿಲ್ಲಕ್ಕಾ,” ಎಂದ.

ಅವನ ಕೈ ನಿಲ್ಲಲಿಲ್ಲ, ತಲೆ ಮೇಲೆ ಏಳಲಿಲ್ಲ. ನನ್ನ ಪ್ರಶ್ನೆ ಇನ್ನೂ ಮುಗಿದೇ ಇರಲಿಲ್ಲ. ಅವ್ವಾ, ಇಷ್ಟು ವರ್ಷಗಳಲ್ಲಿ ಅವನು ಯಾವುದಕ್ಕಾದರೂ ಅಷ್ಟು ಲಗೂನೆ ಉತ್ತರ ಹೇಳಿದ್ದು ಇದೊಂದೇ ಸಲ.

ಶಾಂತಾ